ಕೇಳಬಾರದ್ದನ್ನು ಕೇಳಲು ಬಳ್ಳಾರಿಗೆ ಬಂದವಳು

ನಾನು ಪ್ರಶ್ನೆ ಕೇಳಿ ಇನ್ನೂ ಬಾಯಿ ಮುಚ್ಚಿರಲಿಲ್ಲ, ಮಲ್ಲಮ್ಮ ದಡಕ್ಕನೆ ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಒಂದು ಮುಷ್ಟಿಯಲ್ಲಿ ಉಪ್ಪು, ಇನ್ನೊಂದರಲ್ಲಿ ಒಣಮೆಣಸಿನಕಾಯಿ. ಸೊಸೆಯನ್ನು ಪಡಸಾಲೆಯ ನಡುವೆ ನಿಲ್ಲಿಸಿ, ತಲೆಯಿಂದ ಪಾದದವರೆಗೆ ನಿವಾಳಿಸಿ, ಏನೋ ಗೊಣಗಿಕೊಂಡು, ಎಲ್ಲವನ್ನೂ ಉರಿಯುವ ಒಲೆಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಮೊದಲ ಬಿಡ್ತು ಅನ್ರಿ," ಅಂದರು. ಬಳ್ಳಾರಿ ಸೀಮೆಗೆ ನಾನು ಬಂದು ತಿಂಗಳೂ ತುಂಬಿರಲಿಲ್ಲ. ಸಿರುಗುಪ್ಪದ ಹತ್ತಿರದ ಕರೂರಿನಲ್ಲಿ ನಾನು ಹೊಕ್ಕ ಮೊದಲ ಮನೆ ಅದು.

ಬಿಡ್ತು ಅನ್ನುವುದು ಮೈಸೂರಿನವರಾದ ನಿಮಗೂ ಗೊತ್ತು. ಕೆಟ್ಟ ಮಾತು ಆಡಿದರೆ ಮೇಲೆಲ್ಲೋ ಇರುವ ಅಸ್ತು ದೇವತೆಗಳು ಹಾಗೇ ಆಗಲಿ ಅಂದುಬಿಡುತ್ತಾರೆ. ಅವರು ಅನ್ನುವ ಮೊದಲು ನಾವೇ ಬಿಡ್ತು ಅಂದು ಆ ಮಾತನ್ನು ಅಳಿಸಿಬಿಡಬೇಕು. ನಮ್ಮ ಮನೆಯಲ್ಲಿ ಅದನ್ನು ಅರ್ಧ ನಗುತ್ತ ಹೇಳುತ್ತೇವೆ. ಮಲ್ಲಮ್ಮ ನಗುತ್ತಿರಲಿಲ್ಲ. ನಾನು ತೆಪ್ಪಗೆ ಬಿಡ್ತು ಅಂದೆ. ಮೆಣಸಿನಕಾಯಿ ಸುಟ್ಟ ಘಾಟಿಗೆ ಈಗ ಎಲ್ಲರೂ ಕೆಮ್ಮುತ್ತೇವೆ ಎಂದು ಸೆರಗನ್ನು ಮೂಗಿಗೆ ಹಿಡಿದು ಕೂತೆ. ಕೆಮ್ಮು ಬರಲಿಲ್ಲ. ಒಲೆಯಲ್ಲಿ ಮೆಣಸಿನಕಾಯಿ ಕಪ್ಪಾಗುವುದು ಕಾಣುತ್ತಿತ್ತು, ಘಾಟು ಮಾತ್ರ ಇಲ್ಲ. ಮಲ್ಲಮ್ಮನ ಮುಖ ಇಳಿದುಹೋಯಿತು. ಘಾಟು ಬಾರದಿದ್ದರೆ ತಗುಲಿರುವ ದೃಷ್ಟಿ ಬಹಳ ದೊಡ್ಡದು ಎಂದು ಇಲ್ಲಿಯವರ ಲೆಕ್ಕ. ಇದು ನನಗೆ ಆಮೇಲೆ ತಿಳಿಯಿತು.

ನಾನು ಕೇಳಿದ್ದು ಇಷ್ಟೆ: "ಬದುಕಿರುವುದಕ್ಕಿಂತ ಸಾಯುವುದೇ ಮೇಲು ಎಂದು ನಿಮಗೆ ಎಂದಾದರೂ ಅನಿಸಿದ್ದುಂಟೇ?" ಸೊಸೆ ಗೌರಿ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಅತ್ತೆಯ ಜೊತೆ ಬಿಡ್ತು ಅಂತಲೂ ಅನ್ನಲಿಲ್ಲ. ನಿವಾಳಿಸುವಾಗ ಎಲ್ಲಿ ನಿಲ್ಲಿಸಿದ್ದರೋ ಅಲ್ಲೇ ನಿಂತು, ಬೆಳಕಿಂಡಿಯಿಂದ ನೆಲದ ಮೇಲೆ ಬಿದ್ದ ಬಿಸಿಲನ್ನು ನೋಡುತ್ತಿದ್ದಳು.

ಬಳ್ಳಾರಿಗೆ ಯಾಕೆ ಹೋದೆ ಎಂದು ಊರಿನಲ್ಲಿ ಇನ್ನೂ ಕೇಳುವವರಿದ್ದಾರಂತೆ. ಹೇಳಿಬಿಡುತ್ತೇನೆ. ನಾನು ಓದಿದ್ದು ಮನಶ್ಶಾಸ್ತ್ರ. ಬೆಂಗಳೂರಿನಲ್ಲಿ ತರಬೇತಿ ಮುಗಿಸಿ, ಆತಂಕ, ಖಿನ್ನತೆ, ಮತ್ತು ಜನ ತಮ್ಮ ಭಾವನೆಗಳನ್ನು ಹೇಗೆ ಹತೋಟಿಯಲ್ಲಿಟ್ಟುಕೊಳ್ಳುತ್ತಾರೆ ಎಂಬ ವಿಷಯದ ಮೇಲೆ ಸಂಶೋಧನೆಗೆ ಕೈ ಹಾಕಿದೆ. ಪಟ್ಟಣದವರನ್ನು ಎಲ್ಲರೂ ಕೇಳಿಯಾಗಿತ್ತು, ತುಂಗಭದ್ರಾ ಕಾಲುವೆ ಕೆಳಗಿನ ಹಳ್ಳಿಗಳ ಹೆಂಗಸರನ್ನು ಯಾರೂ ಕೇಳಿರಲಿಲ್ಲ. ಇದು ಪ್ರೊಫೆಸರರಿಗೆ ಹೇಳಿದ ಕಾರಣ. ನಿಜವಾದ ಕಾರಣ ಬೇರೆ. ಅದಕ್ಕೆ ಹಿಂದಿನ ವರ್ಷ ನಮ್ಮಪ್ಪ ತೀರಿಕೊಂಡಿದ್ದರು. ಹದಿಮೂರನೆಯ ದಿನ ಮುಗಿದ ಮೇಲೆ ನಮ್ಮ ಮನೆಯಲ್ಲಿ ಅವರ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಅಮ್ಮ ಅತ್ತದ್ದನ್ನು ನಾನು ನೋಡಲಿಲ್ಲ, ನಾನು ಅತ್ತದ್ದನ್ನು ಅವಳೂ ನೋಡಲಿಲ್ಲ. ಬಂದ ನೆಂಟರೆಲ್ಲ ಎಷ್ಟು ಧೈರ್ಯವಂತರಪ್ಪ ಎಂದು ಹೊಗಳಿ ಹೋದರು. ಭಾವನೆಗಳನ್ನು ಹತೋಟಿಯಲ್ಲಿಡುವುದಕ್ಕೆ ರ‍್ಯಾಂಕ್ ಕೊಡುವುದಾದರೆ ನಮ್ಮ ಮನೆಗೇ ಬರಬೇಕು. ನನಗೆ ಅಲ್ಲಿ ಉಸಿರು ಕಟ್ಟುತ್ತಿತ್ತು, ಹೊರಟುಬಂದೆ.

ಬಂದು ಇಳಿದದ್ದು ಏಪ್ರಿಲ್ ತಿಂಗಳಲ್ಲಿ. ಯಾರಿಗೂ ಬೇಡ ಆ ಬುದ್ಧಿ. ಬಳ್ಳಾರಿಯ ಬಿಸಿಲು ನಮ್ಮ ಬಿಸಿಲಿನಂತೆ ಮೇಲಿನಿಂದ ಬೀಳುವುದಿಲ್ಲ, ಗುಡ್ಡದ ಬಂಡೆಯಿಂದ, ಗೋಡೆಯಿಂದ, ಕೂತ ಕುರ್ಚಿಯಿಂದ ಬರುತ್ತದೆ. ಸಂಜೆ ಗಾಳಿ ಬೀಸಿದರೆ ಮೈಸೂರಿನವರು ಮುಖ ಒಡ್ಡುತ್ತೇವೆ, ಇಲ್ಲಿಯವರು ಕಿಟಕಿ ಹಾಕುತ್ತಾರೆ. ಮನೆ ಹುಡುಕುವುದು ಅದಕ್ಕಿಂತ ಕಷ್ಟವಾಯಿತು. ಒಂಟಿ ಹೆಂಗಸು, ಮದುವೆಯಿಲ್ಲ, ಕೆಲಸ ಹುಚ್ಚರದು. ಆಸ್ಪತ್ರೆಯಲ್ಲಿ ಕೂರಲು ಒಂದು ಕೋಣೆ ಕೊಟ್ಟಿದ್ದರು, ಮಲಗಲು ಯಾರೂ ಕೊಡಲಿಲ್ಲ. ಕೊನೆಗೆ ಪಾರ್ವತೆಮ್ಮ ಕೊಟ್ಟರು. ಹತ್ತಿ ವ್ಯಾಪಾರದ ಮನೆತನ, ಹಣೆ ತುಂಬ ವಿಭೂತಿ, ಮಾತು ಖಡಕ್ಕು.

"ಹುಚ್ಚರ ಡಾಕ್ಟ್ರು ಅಂದ್ರು, ನೋಡಿದ್ರ ನೀವು ಶ್ಯಾಣ್ಯಾರಂಗ ಕಾಣ್ತೀರಿ," ಅಂದರು.

"ನಾನು ಡಾಕ್ಟರಲ್ಲ ಅಮ್ಮಾ, ಮನಶ್ಶಾಸ್ತ್ರಜ್ಞೆ. ಹುಚ್ಚರಿಗಲ್ಲ, ಎಲ್ಲರಿಗೂ."

"ಎಲ್ಲಾರಿಗೂ ಅಂದ್ರ ನನಗೂ ಏನು? ಇರ್ಲಿ ಬರ್ರಿ. ನೀರು ಮೂರು ದಿನಕ್ಕೊಮ್ಮಿ ಬರ್ತೈತಿ, ಅವತ್ತು ಯಾವ ಹುಚ್ಚರು ಬಂದ್ರೂ ಮನಿ ಬಿಟ್ಟು ಹೋಗಬ್ಯಾಡ್ರಿ."

ಹೀಗೆ ನಾನು ಬಳ್ಳಾರಿಯವಳಾದೆ. ಕೊಡ, ಹಂಡೆ, ಬಕೆಟ್ಟು, ಚೊಂಬು, ಕೊನೆಗೆ ಪಾಯಸದ ಬೋಗುಣಿಯವರೆಗೆ ತುಂಬಿಸಿಡಲು ಕಲಿತೆ. ಜೋಳದ ರೊಟ್ಟಿ ಮೊದಲ ವಾರ ಗಂಟಲಲ್ಲಿ ಇಳಿಯಲಿಲ್ಲ, ಎರಡನೆಯ ತಿಂಗಳು ಅನ್ನ ಸಪ್ಪೆಯಾಯಿತು. ನಮ್ಮ ಕಡಲೆಪುರಿಯನ್ನು ಇಲ್ಲಿ ನೆನೆಸಿ ಒಗ್ಗರಣೆ ಕೊಟ್ಟು, ಮೇಲೊಂದು ಮಿರ್ಚಿ ಇಟ್ಟು ಬೆಳಗಿನ ತಿಂಡಿ ಮಾಡುತ್ತಾರೆ. ಅದಕ್ಕೆ ತೆಲುಗಿನ ಹೆಸರು ಬೇರೆ, ಕನ್ನಡದ ಹೆಸರು ಬೇರೆ. ಹೋಟೆಲಿನವನು ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾನೆ. ನನ್ನ ಮುಖ ನೋಡಿದರೆ ಮಾತ್ರ ಎರಡೂ ಬಿಟ್ಟು ಕೈಸನ್ನೆ ಮಾಡುತ್ತಿದ್ದ. ಅವನು ಮೊದಲ ಸಲ ನನ್ನ ಹತ್ತಿರ "ಏನ್ ಬೇಕ್ರಿ ಅಕ್ಕಾರ" ಅಂದ ದಿನ ನಾನು ಎರಡು ಮಿರ್ಚಿ ಜಾಸ್ತಿ ತಿಂದೆ, ಹೊಟ್ಟೆ ಕೆಟ್ಟಿತು.

ಮಾತಿನ ಕಷ್ಟ ಇದ್ದದ್ದು ನನ್ನ ಕೆಲಸದಲ್ಲಿ. ಇಂಗ್ಲಿಷಿನಲ್ಲಿದ್ದ ಪ್ರಶ್ನೆಗಳನ್ನು ನಾನು ಅಚ್ಚುಕಟ್ಟಾದ ಮೈಸೂರು ಕನ್ನಡಕ್ಕೆ ಇಳಿಸಿಕೊಂಡು ಬಂದಿದ್ದೆ. ನಿಮಗೆ ಆತಂಕವಾಗುತ್ತದೆಯೇ ಎಂದರೆ ಹೆಂಗಸರು ನನ್ನ ಕೊರಳಿನ ಸರ ನೋಡುತ್ತಿದ್ದರು. ಎದೆ ಧಸಕ್ ಅಂತೈತೇನ್ರಿ ಎಂದು ಕೇಳಲು ಕಲಿತ ಮೇಲೆ ಮಾತು ಶುರುವಾಯಿತು. ಸಂಕಟ ಹೊಟ್ಟೆಯಲ್ಲಿ, ಗಾಬರಿ ಕಾಲಿನಲ್ಲಿ, ಬ್ಯಾಸರ ತಲೆಯಲ್ಲಿ. ತೆಲುಗಿನಿಂದ ಬಂದ ಬೆಂಗ ಎಂಬ ಮಾತೊಂದಿದೆ. ಬಿಟ್ಟುಬಂದ ಮನೆಯನ್ನೋ ಮನುಷ್ಯರನ್ನೋ ನೆನೆದು ನೆನೆದು ಸೊರಗುವುದು ಬೆಂಗ. ಹೊಸ ಸೊಸೆಯರಿಗೆ ಬರುತ್ತದಂತೆ. ಒಂದು ಸಂಜೆ ನಾನು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟಾಗ ಪಾರ್ವತೆಮ್ಮ, "ಬೆಂಗ ಹಿಡದೈತಿ ನಿಮಗ. ಲಗ್ನ ಇಲ್ದನ ಬೆಂಗ ತಂದ್ಕೊಂಡ್ರಲ್ಲ," ಎಂದು ನಕ್ಕರು. ನಾನು ನಗಲಿಲ್ಲ.

ಮೈಸೂರಿನಲ್ಲಿ ನೋವಾದವರು ಪರವಾಗಿಲ್ಲ ಅನ್ನುತ್ತಾರೆ. ಇಲ್ಲಿಯವರು ಹಾದಿಯಲ್ಲಿ ನಿಂತು ಮನೆಮಂದಿಯನ್ನೆಲ್ಲ ಬೈದು, ಅತ್ತು, ಸೀರೆ ಝಾಡಿಸಿಕೊಂಡು, ಅದೇ ಮನೆಗೆ ಹೋಗಿ ಊಟಕ್ಕೆ ಕೂರುತ್ತಾರೆ. ನನಗೆ ಮೊದಮೊದಲು ಹೊಟ್ಟೆಕಿಚ್ಚಾಯಿತು, ಇಷ್ಟು ಸಲೀಸಾಗಿ ಬೈಯಲು ಬರುವ ಜನಕ್ಕೆ ನನ್ನಂಥವಳು ಯಾಕೆ ಎಂದು. ತಪ್ಪು ತಿಳಿದಿದ್ದೆ. ಬೈಗುಳಕ್ಕೆ ಬಾಗಿಲು ತೆರೆದಿತ್ತು, ಸಾವಿಗೆ ಮಾತ್ರ ಮುಚ್ಚಿತ್ತು. ನನ್ನ ಆ ಪ್ರಶ್ನೆ ಬಂದ ಕೂಡಲೇ ಪ್ರತಿ ಮನೆಯಲ್ಲೂ ಬಿಡ್ತು ಬಿಡ್ತು ಎಂದು ಎದ್ದುಬಿಡುತ್ತಿದ್ದರು. ಕುರುಗೋಡಿನ ಕಡೆ ಮಕ್ಕಳನ್ನು ಒಳಗೆ ಕಳಿಸುತ್ತಿದ್ದರು. ಸಿರುಗುಪ್ಪದಲ್ಲೊಬ್ಬ ಅಜ್ಜಿ ನನ್ನ ಬಾಯಿಗೆ ಬೆಲ್ಲ ತುರುಕಿದ್ದೂ ಉಂಟು. ಉತ್ತರದ ಜಾಗದಲ್ಲಿ ನಾನು ಎಲ್ಲರಿಗೂ ಇಲ್ಲ ಎಂದೇ ಬರೆದುಕೊಳ್ಳುತ್ತಿದ್ದೆ. ಗೌರಿಯ ಎದುರು ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೆ.

ಆ ಮಲ್ಲಮ್ಮ ಬೇರೆ ಯಾರೂ ಅಲ್ಲ, ನಮ್ಮ ಪಾರ್ವತೆಮ್ಮನ ಒಡಹುಟ್ಟಿದ ಅಕ್ಕ. ಕರೂರಿನಲ್ಲಿ ನನಗೆ ಮೊದಲ ಮನೆ ತೋರಿಸಿಕೊಟ್ಟವರೇ ಪಾರ್ವತೆಮ್ಮ. ಗೌರಿಯ ಸುದ್ದಿ ಅವರಿಂದಲೇ ತಿಳಿಯಿತು, ಅದೂ ಪಿಸುಮಾತಿನಲ್ಲಿ. ಚೊಚ್ಚಲ ಹೆರಿಗೆಯಲ್ಲಿ ಹೆಣ್ಣು ಕೂಸು ಹುಟ್ಟಿ, ಕಣ್ಣು ಬಿಟ್ಟು, ಮೂರನೆಯ ದಿನಕ್ಕೆ ಹೋಗಿತ್ತು. ಅಂದಿನಿಂದ ಆ ಮನೆಯಲ್ಲಿ ಕೂಸಿನ ಮಾತು ಎತ್ತುವಂತಿಲ್ಲ. ಎತ್ತಿದರೆ ಮುಂದಿನ ಬಸಿರಿಗೂ ಅದೇ ಬರುತ್ತದೆ. ತೊಟ್ಟಿಲನ್ನು ಬೇರೆ ಊರಿಗೆ ಕೊಟ್ಟಿದ್ದರು. ಗೌರಿ ಬಾಯಿ ತೆರೆದರೆ ಮಲ್ಲಮ್ಮ ಬಿಡ್ತು ಅನ್ನು ಎನ್ನುತ್ತಿದ್ದರು. ಕೆಟ್ಟತನದಿಂದಲ್ಲ, ಸೊಸೆಯನ್ನು ಉಳಿಸಿಕೊಳ್ಳಬೇಕೆಂದೇ.

ಮಳೆಗಾಲ ಕಳೆದು ನೆಲ್ಲು ತೆನೆ ಕಟ್ಟುವ ಹೊತ್ತಿಗೆ ಬಾದನಹಟ್ಟಿಯಲ್ಲೊಬ್ಬ ಹೆಂಗಸು ಸತ್ತಳು. ಹೊಲಕ್ಕೆ ಹೊಡೆಯುವ ಔಷಧ ಕುಡಿದಿದ್ದಳು. ಅದಕ್ಕೆ ಕೆಲವು ವಾರ ಮೊದಲು ನಾನು ಆ ಮನೆಗೆ ಹೋಗಿದ್ದೆ. ಅವಳ ಅತ್ತೆ, ಅತ್ತಿಗೆ, ಓರಗಿತ್ತಿ ಎಲ್ಲರೂ ಸುತ್ತ ಕೂತಿದ್ದರು. ಎಲ್ಲರೂ ಬಿಡ್ತು ಅಂದರು, ಅವಳೂ ಅಂದಳು, ನಗುತ್ತ ನನಗೆ ಮಜ್ಜಿಗೆ ತಂದುಕೊಟ್ಟಳು. ಬಸ್ಸುಗಳು ಸುದ್ದಿ ಹೊತ್ತು ತಿರುಗಿದವು. ಮೈಸೂರಮ್ಮ ಬಂದಳು, ಸಾವು ಕೇಳಿದಳು, ಸಾವು ಬಂತು. ಕರೂರು, ಸಿರುಗುಪ್ಪ, ಕುರುಗೋಡು ಎಲ್ಲ ಕಡೆ ನನಗೊಂದು ಹೆಸರು ಬಿತ್ತು: ಸಾವು ಕೇಳಾಕಿ.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರತೊಡಗಿತು. ಜನ ನಿಂತುಕೊಂಡೇ ಹೋಗುತ್ತಿದ್ದರು. ಕುರುಗೋಡಿನಲ್ಲಿ ಒಬ್ಬಳು ತಾಯಿ ನನ್ನನ್ನು ಕಂಡು ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ಕೇಳುವುದರಿಂದ ಯಾರೂ ಸಾಯುವುದಿಲ್ಲ, ಕೇಳದಿರುವುದೇ ಅಪಾಯ ಎಂದು ನನಗೆ ಕಲಿಸಿದ್ದರು, ನಾನೂ ಬೇರೆಯವರಿಗೆ ಕಲಿಸಿದ್ದೆ. ಅದು ಸುಳ್ಳಲ್ಲ. ಆದರೆ ಆ ಮಜ್ಜಿಗೆಯ ಲೋಟ ಕಣ್ಣಿಗೆ ಕಟ್ಟಿತ್ತು. ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದ್ದರೆ ಏನನ್ನುತ್ತಿದ್ದಳು ಎಂದು ಮತ್ತೆ ಮತ್ತೆ ಯೋಚಿಸಿದೆ. ಒಂದು ಭಾನುವಾರ ಕೋಣೆಯಲ್ಲಿ ಕೂರಲಾಗದೆ ಸಿರುಗುಪ್ಪ ದಾಟಿ ಕೆಂಚನಗುಡ್ಡಕ್ಕೆ ಹೋದೆ. ಹಳೆಯ ಗುಡಿ, ಮುರಿದ ಗೋಡೆ, ಕೆಳಗೆ ತುಂಗಭದ್ರೆ. ಹೊಳೆ ತುಂಬಿ ಹರಿಯುತ್ತಿತ್ತು. ನೀರಿಗೆ ಕಾಲು ಬಿಟ್ಟುಕೊಂಡು ಕೂತೆ. ಕೂರಬೇಕಾದ್ದಕ್ಕಿಂತ ಬಹಳ ಹೊತ್ತು ಕೂತೆ. ದನ ಹೊಡೆದುಕೊಂಡು ಬಂದ ಒಬ್ಬಾಕೆ, "ಅಲ್ಲಿ ಆಳ ಐತ್ರಿ, ಈಕಡಿ ಬರ್ರಿ," ಎಂದು ಕೂಗಿದಾಗ ಎದ್ದು ಬಸ್ ಸ್ಟ್ಯಾಂಡಿಗೆ ನಡೆದೆ.

ಹೀಗಿರುವಾಗ ಮಲ್ಲಮ್ಮ ಬಳ್ಳಾರಿಗೆ ಬಂದರು. ಹಬ್ಬಕ್ಕೆ ಜವಳಿ ತೆಗೆಯುವುದಿತ್ತು. ನಾನು ಮನೆಯಲ್ಲಿ ಇರುವುದು ಗೊತ್ತಿದ್ದೂ ನನ್ನ ಕೋಣೆಯ ಕಡೆ ನೋಡದೆ ಅಂಗಳದಲ್ಲಿ ತಂಗಿಯ ಹತ್ತಿರ ಕೂತರು. ನನಗೆ ಎಲ್ಲ ಕೇಳಿಸುತ್ತಿತ್ತು.

"ಗೌರಿ ಈಗ ಭಾಳ ಚಲೋ ಆಗ್ಯಾಳವ್ವ," ಎಂದು ಮಲ್ಲಮ್ಮ ಸಂತೋಷದಿಂದ ಹೇಳುತ್ತಿದ್ದರು. "ಮೊದಲಿನಂಗ ಸಿಡಿಸಿಡಿ ಇಲ್ಲ, ಮೂಲ್ಯಾಗ ಕೂರಾದಿಲ್ಲ. ಮನಿ ಎಲ್ಲಾ ಸಾರಿಸಿ ಬಳದು ಕನ್ನಡಿ ಮಾಡ್ಯಾಳ. ತನ್ನ ಇಳಕಲ್ ಸೀರಿ ನನ್ನ ಮಗಳಿಗೆ ಕೊಟ್ಟುಬಿಟ್ಲು. ಬಳಿ ಸೈತ ಓಣಿ ಹುಡುಗ್ಯಾರಿಗೆ ಹಂಚ್ಯಾಳ. ನನಗ ಬ್ಯಾಡತ್ತಿ, ನನಗ್ಯಾಕ ಅಂತಾಳ. ಎಷ್ಟು ಶಾಂತ ಆಗ್ಯಾಳಂದ್ರ ನೋಡಾಕ ಕಣ್ಣು ಸಾಲದು."

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ದುಃಖದಲ್ಲಿ ಮುಳುಗಿದವರು ಒಮ್ಮೆಲೇ ತಿಳಿಯಾಗಿ, ತಮ್ಮ ಒಳ್ಳೆಯ ವಸ್ತುಗಳನ್ನು ಹಂಚತೊಡಗಿದರೆ, ಅದು ಗುಣವಾದ ಗುರುತಲ್ಲ. ಎಷ್ಟೋ ಸಲ ಅದು ಹೊರಡಲು ತಯಾರಾದ ಗುರುತು. ಚಪ್ಪಲಿ ಕೂಡ ಮೆಟ್ಟದೆ ಅಂಗಳಕ್ಕೆ ಹೋದೆ.

"ಮಲ್ಲಮ್ಮನವರೇ, ಇವತ್ತೇ ನಾನು ನಿಮ್ಮ ಜೊತೆ ಕರೂರಿಗೆ ಬರಬೇಕು. ಗೌರಿಯ ಹತ್ತಿರ ಮಾತಾಡಬೇಕು."

ಮಲ್ಲಮ್ಮ ತಂಗಿಯ ಮುಖ ನೋಡಿದರು. "ಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ನಮ್ಮ ಹೊಸ್ತಿಲಾ ತುಳಿಬ್ಯಾಡ್ರಿ."

"ನೀವು ಕಾಲಿಗೆ ಬೀಳುವುದು ಬೇಡ. ಆ ಹುಡುಗಿ ಉಳಿಯುವುದು ಬೇಕೋ ಬೇಡವೋ?"

"ಬಾದನಹಟ್ಟಿಯಾಕಿನ್ನೂ ಉಳಿಸಾಕ ಹೋಗಿದ್ರೇನು?"

ನನಗೆ ಸಿಟ್ಟು ಬಂತು. ನಾನು ಮೈಸೂರಿನ ಪರವಾಗಿಲ್ಲ ಅನ್ನುವ ಮನೆಯಲ್ಲಿ ಬೆಳೆದವಳು, ಜೀವಮಾನದಲ್ಲಿ ಮೊದಲ ಸಲ ಅಂಗಳದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದೆ. "ನೀವೆಲ್ಲ ಸೇರಿ ಅವಳ ಬಾಯಿಗೆ ಬಟ್ಟೆ ತುರುಕಿದ್ದೀರಿ. ಕೂಸು ಸತ್ತಿತು ಅನ್ನುವಂತಿಲ್ಲ, ಅಳುವಂತಿಲ್ಲ, ಸಾಯಬೇಕು ಅನಿಸುತ್ತದೆ ಅನ್ನುವಂತಿಲ್ಲ. ಬಿಡ್ತು ಅಂದರೆ ಹೋಗಿಬಿಡುತ್ತದೇನು? ಅವಳು ಶಾಂತ ಆಗಿಲ್ಲ ಕಣ್ರೀ, ಹೊರಟು ನಿಂತಿದ್ದಾಳೆ."

ಪಕ್ಕದ ಮನೆಯ ಹೆಂಗಸರು ಗೋಡೆಯ ಮೇಲಿಂದ ತಲೆ ಹಾಕಿದರು. ಪಾರ್ವತೆಮ್ಮ ಅವರನ್ನು ನೋಡಿ, "ಏನ್ ನೋಡ್ತೀರಿ, ಒಲಿ ಮ್ಯಾಲೆ ಏನೂ ಇಟ್ಟಿಲ್ಲೇನು?" ಎಂದು ಓಡಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿ ಮೆತ್ತಗೆ ಕೇಳಿದರು: "ಯಕ್ಕಾ, ರಾತ್ರಿ ಎದ್ದೆದ್ದು ಗೌರಿನ ನೋಡ್ತೀನಿ ಅಂದಿದ್ದೆಲ್ಲ. ಯಾಕ ನೋಡ್ತಿ?"

ಮಲ್ಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು. "ಆ ದಿನ ಘಾಟು ಬರ್ಲಿಲ್ಲವ್ವ," ಅಂದರು. "ಆವತ್ತಿನಿಂದ ನನಗ ಒಳಗೊಳಗ ಗೊತ್ತೈತಿ. ಬಾಯಿಂದ ಅಂದ್ರ ಖರೆ ಆಗಿಬಿಡ್ತೈತಿ ಅಂತ ಸುಮ್ಕಿದ್ದೆ. ಈಕಿ ಕೇಳ್ಲಿಲ್ಲ ಅಂದ್ರ ಏನಾಗ್ತೈತಿ?"

"ಕೇಳದಿದ್ದರೂ ಆಗಬಹುದು," ಅಂದೆ. "ಕೇಳದಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ ಅಷ್ಟೆ."

ಮಲ್ಲಮ್ಮ ಒಂದು ಷರತ್ತು ಹಾಕಿದರು. ನಾನು ಕೇಳಬಹುದು, ಆದರೆ ತಾವು ಅಲ್ಲೇ ಹೊಸ್ತಿಲಲ್ಲಿ ಕೂತು ನನ್ನ ಒಂದೊಂದು ಮಾತಿಗೂ ಬಿಡ್ತು ಅನ್ನುತ್ತಾರೆ. ನನ್ನ ಪುಸ್ತಕಗಳ ಪ್ರಕಾರ ರೋಗಿಯ ಜೊತೆ ಏಕಾಂತದಲ್ಲಿ ಮಾತಾಡಬೇಕು. ಪುಸ್ತಕ ಬರೆದವರು ಕರೂರಿಗೆ ಬಂದಿರಲಿಲ್ಲ. ಒಪ್ಪಿಕೊಂಡೆ.

ಮೂವರೂ ಬಸ್ಸು ಹತ್ತಿದೆವು. ಸಿರುಗುಪ್ಪದಲ್ಲಿ ಬಸ್ಸು ಬದಲಿಸಿದೆವು. ಕರೂರಿನ ಬಸ್ಸಿನ ಕಂಡಕ್ಟರ್ ಮಲ್ಲಮ್ಮನ ಮುಖ ನೋಡಿ ಏನೋ ಹೇಳಲು ಬಂದು ಸುಮ್ಮನಾದ. ಗೌರಿಯ ಸುದ್ದಿಯೇ ಇರಬೇಕೆಂದು ಹೆದರಿದೆ. ಬಸ್ಸು ಇಳಿದು, ಕಾಲಿಗೆ ಮೆತ್ತಿಕೊಳ್ಳುವ ಕರಿಮಣ್ಣಿನಲ್ಲಿ ಮನೆಯ ಕಡೆ ನಡೆಯುವಾಗ ಯಾರಾದರೂ ಎದುರು ಓಡಿಬರುತ್ತಾರೇನೋ ಎಂದು ನೋಡುತ್ತಲೇ ಇದ್ದೆ. ಯಾರೂ ಬರಲಿಲ್ಲ. ಮನೆಯ ಬಾಗಿಲು ಅರ್ಧ ಹಾಕಿತ್ತು. ಮಲ್ಲಮ್ಮ "ಗೌರೀ" ಎಂದು ಕರೆದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದ ದನಿ ಒಡೆದಿತ್ತು.

"ಬಂದೆನ್ರಿ ಅತ್ತಿ," ಎಂದು ಹಿತ್ತಲಿನಿಂದ ಗೌರಿ ಬಂದಳು. ಆಗಷ್ಟೇ ಮಿಂದವಳಂತೆ ಇದ್ದಳು, ಕೈಯಲ್ಲಿ ಬಳೆಗಳಿರಲಿಲ್ಲ. ಪಾರ್ವತೆಮ್ಮ ಗೋಡೆ ಹಿಡಿದು ಅಲ್ಲೇ ಕೂತುಬಿಟ್ಟರು.

ಪಡಸಾಲೆಯಲ್ಲಿ ನಾನು, ನನ್ನೆದುರು ಗೌರಿ. ಹೊಸ್ತಿಲಲ್ಲಿ ಮಲ್ಲಮ್ಮ. ಗೌರಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ನಾನು ಹಾಳೆ ತೆಗೆಯಲಿಲ್ಲ. ಅವಳ ಕೈ ಹಿಡಿದುಕೊಂಡು ಕೇಳಿದೆ: "ಗೌರಿ, ಸತ್ತುಹೋಗಬೇಕು ಅಂತ ಅನಿಸ್ತಿದೆಯಾ?"

"ಬಿಡ್ತು," ಅಂದರು ಮಲ್ಲಮ್ಮ.

ಗೌರಿ ಅತ್ತೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಹೂಂ ರೀ," ಅಂದಳು. ನೀರು ಬೇಕೇ ಎಂದರೆ ಹೂಂ ಅಂದಂತೆ.

"ಯಾವಾಗಿನಿಂದ?"

"ಬಿಡ್ತು ಬಿಡ್ತು."

"ನೀವು ಮೊದಲ ಸಲ ಬಂದಿದ್ರಲ್ಲ, ಅದಕ್ಕಿಂತ ಮೊದಲಿಂದ. ದಿನಾ ಅನಸ್ತೈತ್ರಿ. ಆವತ್ತು ನೀವು ಕೇಳಿದಾಗ ಹೇಳಬೇಕಂದೆ. ಅತ್ತಿ ಎದ್ದರು."

"ಹೇಗೆ ಅಂತ ಯೋಚನೆ ಮಾಡಿದ್ದೀಯಾ?"

ಈ ಸಲ ಬಿಡ್ತು ಬರಲಿಲ್ಲ. ತಿರುಗಿ ನೋಡಿದೆ. ಮಲ್ಲಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದರು. ಗೌರಿ ದನದ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. ಹೊಲದ ಔಷಧದ ಡಬ್ಬಿ ಅಲ್ಲಿತ್ತು. ಅಮಾಸಿ ಕಳೀಲಿ ಅಂತ ಕಾಯುತ್ತಿದ್ದಳಂತೆ, ಹಬ್ಬದ ಮುಂದೆ ಮನೆಗೆ ಮೈಲಿಗೆ ಆಗಬಾರದೆಂದು. ಹಬ್ಬ ಅದೇ ವಾರ ಇತ್ತು.

ಮಲ್ಲಮ್ಮ ಎದ್ದು ಬಂದರು. ನನ್ನನ್ನು ಬೈಯಲು ಬಂದರೆಂದು ನಾನು ಸ್ವಲ್ಪ ಹಿಂದೆ ಸರಿದೆ. ಅವರು ಸೊಸೆಯ ಎದುರು ಕುಕ್ಕರಗಾಲಲ್ಲಿ ಕೂತು ಕೇಳಿದರು: "ಕೂಸಿನ ನೆನಪು ಬರ್ತೈತೇನವ್ವ?"

ಆ ಮನೆಯಲ್ಲಿ ಕೂಸು ಎಂಬ ಮಾತು ಬಂದು ವರ್ಷದ ಮೇಲಾಗಿತ್ತು. ಗೌರಿಯ ಮುಖದಲ್ಲಿದ್ದ ಆ ಶಾಂತಿ ಬಿರುಕು ಬಿಟ್ಟಿತು. "ಅದಕ್ಕ ಹೆಸರು ಇಟ್ಟಿದ್ದೆ ಅತ್ತಿ," ಅಂದಳು. "ಯಾರೂ ಕೇಳ್ಲಿಲ್ಲ. ಕಿವ್ಯಾಗ ನಾನ ಹೇಳಿದ್ದೆ."

"ಏನಂತ?"

ಗೌರಿ ಅತ್ತೆಯ ಕಿವಿಯಲ್ಲಿ ಹೇಳಿದಳು. ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಮಲ್ಲಮ್ಮ ಸೊಸೆಯ ಕೊರಳು ತಬ್ಬಿಕೊಂಡು ದೊಡ್ಡ ದನಿಯಲ್ಲಿ ಅಳತೊಡಗಿದರು. ಇಲ್ಲಿ ಹೆಂಗಸರು ಸತ್ತವರ ಗುಣ ಹೇಳಿ ಹಾಡಿಕೊಂಡು ಅಳುತ್ತಾರೆ. ಮೂರು ದಿನ ಬದುಕಿದ ಕೂಸಿಗೆ ಹೇಳಲು ಏನು ಗುಣವಿರುತ್ತದೆ? ಮಲ್ಲಮ್ಮ ಅದರ ಬೆರಳು ಹೇಳಿದರು, ಅದರ ತಲೆಗೂದಲು ಹೇಳಿದರು, ಎದೆಹಾಲು ಎಳೆಯುವಾಗ ಮೂಗು ಅರಳಿಸುತ್ತಿದ್ದುದು ಹೇಳಿದರು. ಎಲ್ಲವನ್ನೂ ನೆನಪಿಟ್ಟುಕೊಂಡಿದ್ದರು. ಓಣಿಯ ಹೆಂಗಸರು ಬಾಗಿಲಿಗೆ ಬಂದು, ಯಾರು ಸತ್ತರು ಎಂದು ಕೇಳಿ, ತಿಳಿದು, ಒಳಗೆ ಬಂದು ಕೂತು ತಾವೂ ಅತ್ತರು. ಗೌರಿ ಕೊನೆಗೂ ಅತ್ತಳು. ನಾನು ಮೂಲೆಯಲ್ಲಿ ನಿಂತು ನಮ್ಮಪ್ಪನಿಗೆ ಅತ್ತೆ. ಅದನ್ನು ಯಾರೂ ವಿಚಾರಿಸಲಿಲ್ಲ, ಅಳುವ ಮನೆಯಲ್ಲಿ ಯಾರು ಯಾರಿಗೆ ಅತ್ತರೂ ನಡೆಯುತ್ತದೆ.

ಗೌರಿಯ ಗಂಡ ಹೊಲದಿಂದ ಬಂದು, ಡಬ್ಬಿಯನ್ನು ಎತ್ತಿಕೊಂಡು ಹೋಗಿ ದೂರದ ಶೆಡ್ಡಿನಲ್ಲಿಟ್ಟು ಬೀಗ ಹಾಕಿದ. ಮರುದಿನ ಅವಳನ್ನು ಬಳ್ಳಾರಿಗೆ ಕರೆತಂದೆವು. ಆಸ್ಪತ್ರೆಯ ಡಾಕ್ಟರು ಮಾತ್ರೆ ಕೊಟ್ಟರು, ನಾನು ದಿನಾ ಮಾತಾಡಿಸಿದೆ. ಮೊದಮೊದಲು ಅವಳು ಪಾರ್ವತೆಮ್ಮನ ಮನೆಯಲ್ಲೇ ಇದ್ದಳು, ಆಮೇಲೆ ಕರೂರಿಗೆ ಮರಳಿದಳು. ಎಲ್ಲ ಸರಿಹೋಯಿತು ಎಂದು ಬರೆಯಲು ನನಗೆ ಧೈರ್ಯವಿಲ್ಲ. ಈ ಕಾಯಿಲೆ ಹೋದಂತೆ ಮಾಡಿ ಬಾಗಿಲ ಹಿಂದೆ ನಿಲ್ಲುತ್ತದೆ. ಎರಡು ಸಲ ಮಾತ್ರೆ ಬಿಟ್ಟಳು, ಎರಡು ಸಲವೂ ಮತ್ತೆ ಕತ್ತಲಾಯಿತು. ಸಿರುಗುಪ್ಪದ ಬಸ್ಸು ಬರುವ ಹೊತ್ತಿಗೆ ನನ್ನ ಎದೆ ಇವತ್ತಿಗೂ ಧಸಕ್ ಅನ್ನುತ್ತದೆ. ಊರು ನನ್ನ ಹೆಸರನ್ನೂ ಬದಲಿಸಿಲ್ಲ. ಸಾವು ಕೇಳಾಕಿ ಎಂದೇ ಕರೆಯುತ್ತಾರೆ. ಈಗ ಒಬ್ಬೊಬ್ಬರಾಗಿ, ಯಾರಿಗೂ ಕಾಣದಂತೆ, ಹಿತ್ತಲ ಬಾಗಿಲಿನಿಂದ ಬಂದು, "ನನ್ನ ಮಗಳನ್ನೊಮ್ಮಿ ಕೇಳ್ರಿ," ಅನ್ನುತ್ತಾರೆ.

ಸಂಶೋಧನೆ ಮುಗಿಯುತ್ತ ಬಂತು. ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದೆ, ಈ ತಿಂಗಳೊಳಗೆ ಒಪ್ಪಿಗೆ ತಿಳಿಸಬೇಕು. ಅಣ್ಣ ಟ್ರಂಕ್ ಕಾಲ್ ಮಾಡಿ, ಸಾಕು ಆ ಬಿಸಿಲು, ಅಮ್ಮನಿಗೂ ವಯಸ್ಸಾಯಿತು, ಬಂದುಬಿಡು ಅಂದ. ಅಮ್ಮ ಚೆನ್ನಾಗಿದ್ದಾಳಾ ಎಂದು ಕೇಳಿದೆ. ಪರವಾಗಿಲ್ಲ ಅಂದ. ನೀನು ಹೇಗಿದ್ದೀಯ ಎಂದು ಅವನು ಕೇಳಿದ. ಪರವಾಗಿಲ್ಲ ಅಂದೆ. ಮೂರು ನಿಮಿಷದ ಕಾಲ್ ಮುಗಿಯಿತು.

ಮೊನ್ನೆ ಮಾತ್ರೆ ತೆಗೆದುಕೊಳ್ಳಲು ಗೌರಿ ಬಂದಿದ್ದಳು. ನಾನು ಟ್ರಂಕು ತೆರೆದು ಪುಸ್ತಕ ಜೋಡಿಸುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು.

"ಅಕ್ಕಾ, ಒಂದು ಮಾತು ಕೇಳ್ಲೇನ್ರಿ? ನೀವು ಎಲ್ಲಾರ್ನೂ ಕೇಳ್ತೀರಿ. ನಿಮಗ ಯಾವತ್ತಾದ್ರೂ ಹಂಗ ಅನಿಸೈತೇನ್ರಿ?"

ಇಲ್ಲ ಅನ್ನಲು ಬಾಯಿ ತೆರೆದೆ. ಬರಲಿಲ್ಲ. "ಹೂಂ ಗೌರಿ," ಅಂದೆ.

ಅವಳು ಹೌಹಾರಲಿಲ್ಲ. ಒಳಗೆ ಬಂದು ಬಾಗಿಲು ಮುಂದೆ ಮಾಡಿ, ನನ್ನೆದುರು ನೆಲದ ಮೇಲೆ ಕೂತು, ನಾನು ಅವಳ ಕೈ ಹಿಡಿದಿದ್ದಂತೆ ನನ್ನ ಕೈ ಹಿಡಿದುಕೊಂಡಳು. ಯಾವಾಗ, ಎಲ್ಲಿ, ಈಗ ಹೆಂಗೈತಿ ಎಂದು ಒಂದೊಂದಾಗಿ ಕೇಳಿದಳು. ಕೆಂಚನಗುಡ್ಡದ ಹೊಳೆಯವರೆಗೆ ಎಲ್ಲ ಹೇಳಿದೆ. ಕೊನೆಗೆ, "ನಿಮ್ಮೂರಾಗ ಯಾರ ಮುಂದಾದ್ರೂ ಹೇಳೀರೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. "ಹೇಳ್ರಿ ಮತ್ತ," ಅಂದಳು. "ಕೇಳೋ ಮಂದಿ ಇದ್ರ ಹೋಗ್ರಿ. ಇಲ್ಲಂದ್ರ ಯಾಕ ಹೋಗ್ತೀರಿ?"

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಮ್ಮ ಕನ್ನಡಕ ಹುಡುಕಿಕೊಂಡು ಓದುತ್ತಾಳೆ, ಅಣ್ಣನೂ ಓದುತ್ತಾನೆ. ಅಮ್ಮಾ, ನಾನು ಚೆನ್ನಾಗಿಲ್ಲ. ಅಪ್ಪ ಹೋದಾಗಿನಿಂದ ಚೆನ್ನಾಗಿಲ್ಲ. ನೀನೂ ಇಲ್ಲ ಎಂದು ನನಗೆ ಗೊತ್ತು. ಕಾಲೇಜಿನವರಿಗೆ ನಾನಿನ್ನೂ ಏನೂ ತಿಳಿಸಿಲ್ಲ. ಟ್ರಂಕು ಅರ್ಧ ತುಂಬಿ ಹಾಗೇ ತೆರೆದಿದೆ. ಪಾರ್ವತೆಮ್ಮನ ಮನೆಯ ಫೋನ್ ನಂಬರು ಅಣ್ಣನ ಹತ್ತಿರ ಇದೆ. ನೀವು ಕೇಳುತ್ತೀರೋ ಇಲ್ಲವೋ ನೋಡಿಕೊಂಡು ನಾನು ಎಲ್ಲಿಯವಳೆಂದು ತೀರ್ಮಾನಿಸುತ್ತೇನೆ.